ಅಪ್ಪನ ಎಚ್1ಎನ್1 ಜ್ವರ, ಐಸಿಯು, ಓಸೆಲ್ಟಾಮಿವಿರ್: ನಾವು ಕಂಡಿದ್ದು, ಕಾದಿದ್ದು, ಖರ್ಚಾಗಿದ್ದು

ಎಚ್1ಎನ್1, ಅಂದ್ರೆ ಹಂದಿಜ್ವರ ಅಂತಾರಲ್ಲ ಆ ಫ್ಲೂ ಬಂದು ಆಸ್ಪತ್ರೆ ಸೇರಿದ್ದ ಅಪ್ಪ ಹೋದ ವಾರ ಡಿಸ್ಚಾರ್ಜ್ ಆಗಿ ಮನೆಗೆ ಬಂದ್ರು. ಊಟ ಸೇರ್ತಿದೆ, ಮಾತಾಡ್ತಿದಾರೆ, ತೋಟಕ್ಕೆ ನೀರು ಬಿಟ್ರಾ ಅಂತ ಕೇಳೋಷ್ಟು ಆಗಿದಾರೆ. ಇದನ್ನ ಈಗ್ಲೇ ಬರೀತಿದೀನಿ, ಯಾಕಂದ್ರೆ ಇನ್ನೊಂದು ತಿಂಗಳು ಹೋದ್ರೆ ಯಾವ ಔಷಧಿ ಯಾವಾಗ ಕೊಟ್ರು, ಯಾವ ಕಾಗದ ಕೇಳಿದ್ರು ಅನ್ನೋದೆಲ್ಲ ಮರ್ತೋಗತ್ತೆ, ಈ ಮಳೆಗಾಲದಲ್ಲಂತೂ ನಮ್ಮ ಸುತ್ತಮುತ್ತ ಮನೆಗೊಬ್ರು ಜ್ವರ ಕೆಮ್ಮು ಅಂತ ಮಲ್ಗಿದಾರೆ. ಪೂರ್ತಿ ಓದೋಕೆ ಪುರುಸೊತ್ತು ಇಲ್ದಿರೋರಿಗೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಫ್ಲೂ ಇರ್ಬೋದು ಅನ್ನೋ ಅನುಮಾನದಲ್ಲಿ ಮನೆಯವರನ್ನ ಆಸ್ಪತ್ರೆಗೆ ಸೇರಿಸಿದ್ರೆ, ಓಸೆಲ್ಟಾಮಿವಿರ್ ಅನ್ನೋ ಫ್ಲೂ ವೈರಸ್ ಔಷಧಿ ಶುರು ಮಾಡೋಕೆ ಗಂಟಲು ದ್ರವದ ರಿಪೋರ್ಟ್ ಬರೋ ತನಕ ಕಾಯ್ಬೇಕಾಗಿಲ್ಲ, ಜ್ವರ ಬಂದು ಎರಡು ದಿನ ದಾಟಿದ್ರೂ ಅಡ್ಮಿಟ್ ಆದವರಿಗೆ ಕೊಡ್ತಾರೆ. ಸೇರಿಸಿದ ದಿನಾನೇ ಡಾಕ್ಟ್ರನ್ನ ಕೇಳಿ.

ನಮ್ಮೂರು ಅರಸೀಕೆರೆ ತಾಲ್ಲೂಕು. ಅಪ್ಪಂಗೆ 68 ವರ್ಷ, ಹನ್ನೆರಡು ವರ್ಷದಿಂದ ಶುಗರ್, ಕಿಡ್ನಿ ಸ್ವಲ್ಪ ವೀಕು ಅಂತ ಮುಂಚೆನೇ ಹೇಳಿದ್ರು. ತೆಂಗಿನ ತೋಟ, ಎರಡು ಹಸು. ನಾನು ಹಾಸನದಲ್ಲಿ ಇರೋದು, ಅಣ್ಣ ಅತ್ತಿಗೆ ಬೆಂಗಳೂರಲ್ಲಿ. ಆಗಸ್ಟ್ ತಿಂಗಳು, ಬಿಟ್ಟೂ ಬಿಡದೆ ಸೋನೆ ಮಳೆ. ಒಂದು ಭಾನುವಾರ ಅಮ್ಮ ಫೋನ್ ಮಾಡಿ ನಿಮ್ಮಪ್ಪಂಗೆ ಮೈ ಕೈ ನೋವು, ಚಳಿ ಜ್ವರ, ಒಣ ಕೆಮ್ಮು ಅಂದ್ರು. ಮಾರನೇ ದಿನ ಪಕ್ಕದ ಊರಿನ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ರು, ಆಂಟಿಬಯಾಟಿಕ್ ಮಾತ್ರೆ ಕೊಟ್ರು. ಜ್ವರ ಇಳೀಲಿಲ್ಲ. ಮಳೆಗಾಲ ಅಂದ್ಮೇಲೆ ಎಲ್ಲರ ತಲೇಲೂ ಮೊದಲು ಬರೋದು ಡೆಂಗ್ಯೂ, ಹಂಗಾಗಿ ಡೆಂಗ್ಯೂ ಟೆಸ್ಟ್ ಮಾಡಿಸಿದ್ರು, ನೆಗೆಟಿವ್ ಬಂತು, ಪ್ಲೇಟ್ಲೆಟ್ ಸ್ವಲ್ಪ ಕಡಿಮೆ ಇದೆ ನೋಡೋಣ ಅಂದ್ರು. ಫ್ಲೂ ಅನ್ನೋ ಮಾತು ಯಾರ ಬಾಯಲ್ಲೂ ಬರ್ಲಿಲ್ಲ. ನಮಗೂ ಗೊತ್ತಿರ್ಲಿಲ್ಲ, ನೆಗಡಿ ಜ್ವರದಿಂದ ಐಸಿಯು ತನಕ ಹೋಗತ್ತೆ ಅಂತ ಹಳ್ಳೀಲಿ ಯಾರು ಅಂದ್ಕೋತಾರೆ.

ಇಲ್ಲೇ ಒಂದು ವಿಷ್ಯ ಹೇಳ್ಬೇಕು, ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ದು. ಸರ್ಕಾರದ ಎಚ್1ಎನ್1 ಮಾರ್ಗಸೂಚೀಲಿ ರೋಗಿಗಳನ್ನ ಎ, ಬಿ, ಸಿ ಅಂತ ವಿಂಗಡಿಸ್ತಾರೆ. ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು ಎ ಗುಂಪು, ಅವರಿಗೆ ಈ ಔಷಧಿನೂ ಬೇಡ ಟೆಸ್ಟೂ ಬೇಡ, ಮನೇಲೇ ಇದ್ದು ಗಮನಿಸ್ಕೋಬೇಕು. 65 ದಾಟಿದೋರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಶುಗರ್, ಹಾರ್ಟು, ಕಿಡ್ನಿ, ಶ್ವಾಸಕೋಶದ ತೊಂದರೆ ಇರೋರಿಗೆ ಇದೇ ಲಕ್ಷಣ ಬಂದ್ರೆ ಬಿ ಗುಂಪು, ಅವರಿಗೆ ಟೆಸ್ಟ್ ಇಲ್ದೇನೇ ಓಸೆಲ್ಟಾಮಿವಿರ್ ಶುರು ಮಾಡ್ಬೋದು. ಉಸಿರಾಟ ಕಷ್ಟ, ಎದೆ ನೋವು, ಮಂಪರು, ಬಿಪಿ ಇಳಿಯೋದು, ಕಫದಲ್ಲಿ ರಕ್ತ, ಉಗುರು ನೀಲಿಯಾಗೋದು ಇದ್ರೆ ಸಿ, ತಕ್ಷಣ ಅಡ್ಮಿಟ್. ಅಪ್ಪ ಜ್ವರ ಬಂದ ಮೊದಲ ದಿನಾನೇ ಬಿ ಗುಂಪಲ್ಲಿದ್ರು. ಆ ಮಾತ್ರೆ ಅವತ್ತೇ ಸಿಕ್ಕಿದ್ರೆ ಇಷ್ಟೆಲ್ಲ ಆಗ್ತಿತ್ತೋ ಇಲ್ವೋ ಅಂತ ಯೋಚನೆ ಮಾಡಿ ಮಾಡಿ ನಿದ್ದೆ ಕೆಡಿಸ್ಕೊಂಡಿದೀನಿ.

ಗುರುವಾರ ರಾತ್ರಿ ಅಮ್ಮನ ಫೋನ್ ಬಂದಾಗ ಹಿಂದೆ ಅಪ್ಪನ ಉಸಿರಾಟದ ಸದ್ದು ನಂಗೆ ಕೇಳಿಸ್ತಿತ್ತು. ಒಂದು ವಾಕ್ಯ ಪೂರ್ತಿ ಹೇಳೋಕಾಗ್ತಿಲ್ಲ. ಚಿಕ್ಕಪ್ಪ ಅವರ ಓಮ್ನೀಲಿ ಹಾಸನಕ್ಕೆ ಕರ್ಕೊಂಡು ಬಂದ್ರು. ಬೆರಳಿಗೆ ಕ್ಲಿಪ್ ಹಾಕಿದ್ರೆ ಸ್ಯಾಚುರೇಶನ್, ಅಂದ್ರೆ ರಕ್ತದ ಆಕ್ಸಿಜನ್ ಮಟ್ಟ, 84. ಕ್ಯಾಶುವಾಲ್ಟೀಲಿ ಆಕ್ಸಿಜನ್ ಹಾಕಿ ಎಕ್ಸ್‌ರೇ ತೆಗೆದ್ರು, ಎರಡೂ ಕಡೆ ಶ್ವಾಸಕೋಶದಲ್ಲಿ ಬೆಳ್ಳಗೆ ಮೋಡ ಕವಿದಂಗೆ ಇತ್ತು. ನ್ಯುಮೋನಿಯಾ ಅಂದ್ರು. ಗಂಟಲು ಮೂಗಿನ ದ್ರವ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸ್ತೀವಿ, ನಾಲ್ಕೂವರೆ ಸಾವಿರ ಕಟ್ಟಿ, ರಿಪೋರ್ಟ್ ಬರೋಕೆ ಎರಡು ದಿನ ಅಂದ್ರು. ಆ ಕಡ್ಡೀನ ಮೂಗಿನ ಒಳಗೆ ತೂರಿಸ್ವಾಗ ಅಪ್ಪ ನನ್ನ ಕೈ ಹಿಡ್ಕೊಂಡಿದ್ದು ಇನ್ನೂ ನೋಯತ್ತೆ.

ಆ ಮೊದಲ ರಾತ್ರಿನೇ ನಮಗೆ ಸಿಕ್ಕಾಪಟ್ಟೆ ಗೊಂದಲ ಆಗಿದ್ದು. ಡ್ಯೂಟಿ ಡಾಕ್ಟ್ರು ಆಂಟಿಬಯಾಟಿಕ್ ಡ್ರಿಪ್ ಹಾಕಿದ್ರು. ಅಣ್ಣ ಬೆಂಗಳೂರಿಂದ ಫೋನಲ್ಲೇ ಎಚ್1ಎನ್1 ಇರ್ಬೋದಾ, ಟ್ಯಾಮಿಫ್ಲೂ ಕೊಡಲ್ವಾ ಅಂತ ಕೇಳ್ದ, ಓಸೆಲ್ಟಾಮಿವಿರ್‌ದೇ ಬ್ರಾಂಡ್ ಹೆಸರು ಅದು. ಅದಕ್ಕೆ ಅವರು, ರಿಪೋರ್ಟ್ ಪಾಸಿಟಿವ್ ಬರ್ಲಿ ನೋಡೋಣ, ಹೆಂಗೂ ಜ್ವರ ಬಂದು ನಾಲ್ಕು ದಿನ ಆಗಿದೆ, 48 ಗಂಟೆ ದಾಟಿದ್ಮೇಲೆ ಅದು ಕೆಲಸ ಮಾಡಲ್ಲ ಅಂದ್ರು. ನಾವು ಡಾಕ್ಟ್ರಲ್ಲ, ಎದುರು ಮಾತಾಡೋಕೆ ಧೈರ್ಯ ಬರಲ್ಲ ಆ ಹೊತ್ತಲ್ಲಿ. ರಾತ್ರಿಯಿಡೀ ಐಸಿಯು ಹೊರಗೆ ಕಬ್ಬಿಣದ ಕುರ್ಚಿ ಮೇಲೆ ಕೂತಿದ್ವಿ, ಅಮ್ಮ ಬಾಯಲ್ಲಿ ಜೇನುಕಲ್ಲು ಸಿದ್ದೇಶ್ವರನ ಹೆಸರು ಬಿಟ್ಟು ಬೇರೆ ಮಾತಿಲ್ಲ.

ಬೆಳಿಗ್ಗೆ ಎದೆರೋಗದ ಡಾಕ್ಟ್ರು ರೌಂಡ್ಸಿಗೆ ಬಂದ್ರು. ಕೇಸ್ ಶೀಟ್ ನೋಡಿ ಸಿಸ್ಟರನ್ನ ಕೇಳಿದ ಮೊದಲ ಪ್ರಶ್ನೆನೇ ಓಸೆಲ್ಟಾಮಿವಿರ್ ಯಾಕೆ ಶುರುವಾಗಿಲ್ಲ ಅಂತ. ನಮ್ಮನ್ನ ಪಕ್ಕಕ್ಕೆ ಕರೆದು ನಿಧಾನಕ್ಕೆ ಹೇಳಿದ್ರು. ನೋಡಮ್ಮ, 48 ಗಂಟೆ ಒಳಗೆ ಕೊಟ್ರೆ ಒಳ್ಳೇದು ಅನ್ನೋದು ನಿಜ, ಬೇಗ ಕೊಟ್ಟಷ್ಟೂ ಲಾಭ ಜಾಸ್ತಿ. ಆದ್ರೆ ಆ ಲೆಕ್ಕ ಮನೇಲೇ ಇದ್ದು ವಾಸಿಯಾಗೋ ಅಂಥ ಜ್ವರದ್ದು. ಆಸ್ಪತ್ರೆಗೆ ಸೇರೋಷ್ಟು ಜೋರಾಗಿರೋರಲ್ಲಿ ವೈರಸ್ ಇನ್ನೂ ಬೆಳೀತಾನೇ ಇರತ್ತೆ, ಹಂಗಾಗಿ ತಡವಾಗಿದ್ರೂ ಕೊಡ್ತೀವಿ, ರಿಪೋರ್ಟಿಗೂ ಕಾಯಲ್ಲ, ನೆಗೆಟಿವ್ ಬಂದ್ರೆ ನಿಲ್ಲಿಸೋ ವಿಚಾರ ಆಮೇಲೆ ನೋಡೋಣ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಂದಿರೋ ಫ್ಲೂ ಚಿಕಿತ್ಸೆ ಮಾರ್ಗಸೂಚೀಲೂ ತೀವ್ರವಾಗಿರೋ ರೋಗಿಗಳಿಗೆ ಓಸೆಲ್ಟಾಮಿವಿರ್ ಹೇಳಿದಾರೆ, ಆದ್ರೆ ಖಡಾಖಂಡಿತ ಅಂತ ಅಲ್ಲ, ಷರತ್ತಿನ ಶಿಫಾರಸು, ಯಾಕಂದ್ರೆ ಅಡ್ಮಿಟ್ ಆದೋರ ಮೇಲೆ ಇದರ ಪುರಾವೆ ಇನ್ನೂ ಅಷ್ಟು ಗಟ್ಟಿ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಿದ್ರು ಅವರು. ಇದು ರಾಮಬಾಣ ಅಲ್ಲ, ಒಂದು ಜೀವಕೋಶದಲ್ಲಿ ಹುಟ್ಟಿದ ವೈರಸ್ ಹೊರಗೆ ಬಿದ್ದು ಮುಂದಿನದಕ್ಕೆ ಹೋಗ್ದಂಗೆ ತಡೆಯತ್ತೆ ಅಷ್ಟೇ, ಈಗಾಗ್ಲೇ ಹಾಳಾಗಿರೋ ಶ್ವಾಸಕೋಶ ಸರಿಯಾಗೋಕೆ ಆಕ್ಸಿಜನ್ನು, ಸಮಯ ಎರಡೂ ಬೇಕು ಅಂದ್ರು. ಆಂಟಿಬಯಾಟಿಕ್ ವೈರಸ್ ಮೇಲೆ ಏನೂ ಮಾಡಲ್ಲ, ಆದ್ರೆ ಜೊತೆಗೆ ಬ್ಯಾಕ್ಟೀರಿಯಾ ಸೇರಿರೋ ಅನುಮಾನ ಇದೆ ಅಂತ ಅದನ್ನ ಸದ್ಯಕ್ಕೆ ಮುಂದುವರಿಸಿದ್ರು. ಯಾರೋ ಒಬ್ರು ನಮಗೆ ಅರ್ಥ ಆಗೋ ಹಂಗೆ ಕೂತು ಹೇಳಿದ್ರಲ್ಲ, ಅಷ್ಟಕ್ಕೇ ಅರ್ಧ ಜೀವ ಬಂತು.

ಇನ್ನೇನು ಮಾತ್ರೆ ಕೊಡ್ತಾರೆ ಅನ್ನೋವಾಗ ಇನ್ನೊಂದು ತೊಡಕು. ದೊಡ್ಡೋರಿಗೆ ಮಾಮೂಲಿ ಡೋಸು 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 5 ದಿನ. ಆದ್ರೆ ಈ ಔಷಧಿ ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕ. ಕಿಡ್ನಿ ಹೆಂಗಿದೆ ಅಂತ ತೋರಿಸೋ ರಕ್ತದ ಟೆಸ್ಟಲ್ಲಿ ಅಪ್ಪನ ಕ್ರಿಯಾಟಿನಿನ್ 1.8 ಬಂದಿತ್ತು, ವಯಸ್ಸು ತೂಕ ಹಾಕಿ ಲೆಕ್ಕ ಮಾಡಿದ್ರೆ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದ್ರೆ ಕಿಡ್ನಿ ಸೋಸೋ ವೇಗ, 32 ಬಂತು. 30ರಿಂದ 60ರ ಒಳಗಿದ್ರೆ 30 ಮಿಲಿಗ್ರಾಂ ದಿನಕ್ಕೆರಡು ಸಲ, ಅದಕ್ಕಿಂತ ಕೆಳಗೆ ಹೋದ್ರೆ ಇನ್ನೂ ಕಡಿಮೆ. ಡಾಕ್ಟ್ರು ಮೊದಲ ಡೋಸ್ 75 ಈಗ್ಲೇ ಕೊಡಿ, ತಡ ಮಾಡೋದು ಬೇಡ, ಮುಂದಿನದಕ್ಕೆ 30ರ ಕ್ಯಾಪ್ಸೂಲ್ ತರಿಸಿ ಅಂದ್ರು. ಆಸ್ಪತ್ರೆ ಫಾರ್ಮಸೀಲಿ 75 ಬಿಟ್ಟು ಬೇರೆ ಇಲ್ಲ. ಸಂಜೆ ಒಳಗೆ ತಂದುಕೊಡಿ ಅಂತ ಚೀಟಿ ಕೈಗಿಟ್ರು.

ಮಳೇಲಿ ನಾನೂ ಚಿಕ್ಕಪ್ಪನ ಮಗನೂ ಹಾಸನದ ಮೆಡಿಕಲ್ ಶಾಪ್ ಒಂದೊಂದಾಗಿ ಸುತ್ತಿದ್ವಿ. ಬಹಳ ಕಡೆ ಈ ಔಷಧೀನೇ ಇಟ್ಟಿರಲ್ಲ, ವರ್ಷದಲ್ಲಿ ಕೆಲವೇ ತಿಂಗಳು ಹೋಗೋ ಸರಕು, ಎಕ್ಸ್‌ಪೈರಿ ಆಗಿ ಲಾಸ್ ಆಗತ್ತೆ ಅಂತಾರೆ. ಇದ್ದ ಕಡೆ ಬರೀ 75. ಡಾಕ್ಟ್ರ ಚೀಟಿ ಇಲ್ದೆ ಕೊಡೋದೂ ಇಲ್ಲ, ಶೆಡ್ಯೂಲ್ ಎಚ್1 ಔಷಧಿ ಇದು, ರೋಗಿ ಹೆಸರು, ಡಾಕ್ಟ್ರ ಹೆಸರು ಎಲ್ಲ ಬೇರೆ ರಿಜಿಸ್ಟರಲ್ಲಿ ಬರ್ಕೋತಾರೆ. ಒಂದು ಅಂಗಡಿಯ ಹಿರಿಯರು ಹೇಳಿದ್ರು, 2009ರಲ್ಲಿ ಪುಣೆಯಲ್ಲಿ ಮೊದಲ ಸಾವು ಆದಾಗ ಇದು ಹೊರಗೆ ಸಿಗ್ತಾನೇ ಇರ್ಲಿಲ್ಲ, 2017ರಲ್ಲಿ ಮುಂಚಿನ ಬಿಗಿ ಪಟ್ಟಿಯಿಂದ ಈ ಶೆಡ್ಯೂಲ್ ಎಚ್1 ಪಟ್ಟಿಗೆ ತಂದ್ಮೇಲೇ ಮಾಮೂಲಿ ಅಂಗಡೀಲಿ ಇಡೋ ಹಂಗಾಗಿದ್ದು ಅಂತ. ದಾರಿ ತೋರ್ಸಿದ್ದೂ ಅವರೇ. 30ರ ಕ್ಯಾಪ್ಸೂಲ್ ಹುಡುಕ್ತಾ ಸಮಯ ಕಳೀಬೇಡಮ್ಮ, ಮಕ್ಕಳಿಗೆ ಕೊಡೋ ಪುಡಿ ಸಿರಪ್ ಇದೆ, ನೀರು ಬೆರೆಸಿದ್ರೆ ಒಂದು ಎಂಎಲ್‌ನಲ್ಲಿ 12 ಮಿಲಿಗ್ರಾಂ ಇರತ್ತೆ, ಎರಡೂವರೆ ಎಂಎಲ್ ಅಂದ್ರೆ ಕರೆಕ್ಟಾಗಿ 30, ನಿಮ್ಮ ಡಾಕ್ಟ್ರನ್ನ ಕೇಳಿ ತಗೊಳ್ಳಿ ಅಂದ್ರು. ಅಲ್ಲಿಂದಲೇ ಐಸಿಯು ಸಿಸ್ಟರಿಗೆ ಫೋನ್ ಹಚ್ಚಿ ಡಾಕ್ಟ್ರನ್ನ ಕೇಳಿಸಿ ಒಪ್ಪಿಗೆ ತಗೊಂಡು ಬಾಟಲಿ ತಂದ್ವಿ. ಕಿಡ್ನಿ ತೊಂದರೆ ಇರೋರ ಮನೆಯವರು ಇದನ್ನ ನೆನಪಲ್ಲಿಟ್ಕೊಳ್ಳಿ, ಆದ್ರೆ ಲೆಕ್ಕ ಡಾಕ್ಟ್ರೇ ಹಾಕ್ಬೇಕು, ನನ್ನ ಅಪ್ಪನ ಡೋಸ್ ನೋಡಿ ನಿಮ್ಮ ಮನೇಲಿ ಕೊಡ್ಬೇಡಿ. ಬಾಟಲಿಗಳ ಶಕ್ತಿ ಬೇರೆ ಬೇರೆ ಇರ್ಬೋದು, ಲೇಬಲ್ ಓದಿ, ಸಿರಿಂಜಲ್ಲಿ ಅಳೆದೇ ಕೊಡ್ಬೇಕು.

ಔಷಧಿ ಖರ್ಚು ದೊಡ್ಡದಲ್ಲ. 75ರ ಹತ್ತು ಕ್ಯಾಪ್ಸೂಲಿನ ಪಟ್ಟಿ ಸುಮಾರು ಐನೂರು ರೂಪಾಯಿ, ನಮ್ಮ ದೇಶದ ಕಂಪನಿಗಳೇ ಮಾಡ್ತಾವೆ. ಇಡೀ ಬಿಲ್ಲಿನ ಮುಂದೆ ಅದು ಏನೂ ಅಲ್ಲ, ಅಷ್ಟು ಸಣ್ಣ ಬೆಲೆಯ ಔಷಧಿ ಒಂದು ರಾತ್ರಿ ತಡ ಆಯ್ತಲ್ಲ ಅನ್ನೋದೇ ನನ್ನ ಸಂಕಟ.

ಆಮೇಲಿನ ಮೂರ್ನಾಲ್ಕು ದಿನ ಬರೆಯೋಕೆ ಕಷ್ಟ. ಮೂಗಿಗೆ ಜೋರಾಗಿ ಬಿಸಿ ಆಕ್ಸಿಜನ್ ಬಿಡೋ ಹೈ ಫ್ಲೋ ಮಷಿನ್ ಹಾಕಿದ್ರು, ಒಂದು ರಾತ್ರಿ ಅದೂ ಸಾಲ್ದೆ ಒತ್ತಡದಲ್ಲಿ ಗಾಳಿ ಒಳಗೆ ತಳ್ಳೋ ಬೈಪ್ಯಾಪ್ ಮಾಸ್ಕ್ ಕಟ್ಟಿದ್ರು. ಅಪ್ಪ ಅದನ್ನ ಕಿತ್ತು ಹಾಕೋಕೆ ನೋಡೋರು. ವೆಂಟಿಲೇಟರ್ ಬೇಕಾಗ್ಬೋದು ಅಂತ ಒಪ್ಪಿಗೆ ಪತ್ರಕ್ಕೆ ಸಹಿ ತಗೊಂಡ್ರು, ಅಣ್ಣ ಸಹಿ ಹಾಕಿ ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟ. ದೇವರ ದಯೆ, ಅಷ್ಟು ದೂರ ಹೋಗ್ಲಿಲ್ಲ. ರಾತ್ರಿ ಹೊತ್ತು ಅಪ್ಪ ಏನೇನೋ ಬಡಬಡಿಸೋರು, ತೀರಿಹೋದ ನಮ್ಮಜ್ಜಿ ಬಂದು ನಿಂತಿದಾರೆ ಅನ್ನೋರು. ಔಷಧಿದ್ದೇ ತೊಂದರೇನಾ ಅಂತ ನಾವು ಹೆದರಿದ್ವಿ. ಜ್ವರ, ಆಕ್ಸಿಜನ್ ಕಡಿಮೆ ಇರೋದು, ಐಸಿಯು ವಾತಾವರಣ ಎಲ್ಲ ಸೇರಿ ವಯಸ್ಸಾದೋರಿಗೆ ಹಿಂಗಾಗತ್ತೆ, ಈ ಔಷಧೀಲೂ ಅಪರೂಪಕ್ಕೆ ಇಂಥದ್ದು ವರದಿಯಾಗಿದೆ, ನೋಡ್ಕೋತಿರ್ತೀವಿ ಅಂದ್ರು ಡಾಕ್ಟ್ರು. ಉಸಿರಾಟ ಸುಧಾರಿಸ್ತಾ ಬಂದಂಗೆ ಅದೂ ಹೋಯ್ತು. ಸಾಮಾನ್ಯವಾಗಿ ಕಾಣೋ ಸೈಡ್ ಎಫೆಕ್ಟ್ ಅಂದ್ರೆ ವಾಕರಿಕೆ, ವಾಂತಿ. ಅಪ್ಪಂಗೂ ಆಯ್ತು, ಸ್ವಲ್ಪ ಗಂಜಿ ಕುಡಿಸಿ ಆಮೇಲೆ ಕೊಟ್ರೆ ತಡ್ಕೊಳ್ಳೋರು. ಕೊಟ್ಟ ತಕ್ಷಣ ವಾಂತಿ ಆದ್ರೆ ಸುಮ್ನಿರ್ಬೇಡಿ, ಸಿಸ್ಟರಿಗೆ ಹೇಳಿ, ಡೋಸ್ ಒಳಗೆ ಹೋಗಿದ್ಯೋ ಇಲ್ವೋ ಅನ್ನೋದು ಅವರಿಗೆ ಗೊತ್ತಾಗ್ಬೇಕು.

ನೆಂಟರ ಒತ್ತಡ ಇನ್ನೊಂದು. ಕೋವಿಡ್ ಟೈಮಲ್ಲಿ ಸ್ಟೀರಾಯ್ಡ್ ಕೊಟ್ಟು ಎಷ್ಟೋ ಜನ ಉಳಿದ್ರು, ನೀವ್ಯಾಕೆ ಕೊಡಿಸ್ತಿಲ್ಲ ಅಂತ ಫೋನ್ ಮೇಲೆ ಫೋನು. ಕೇಳಿದ್ವಿ. ಕೋವಿಡ್ ಬೇರೆ ಫ್ಲೂ ಬೇರೆ, ಬರೀ ಫ್ಲೂಗೆ ಅಂತ ಸ್ಟೀರಾಯ್ಡ್ ಕೊಡೋದು ಒಳ್ಳೇದಲ್ಲ ಅಂತಲೇ ಮಾರ್ಗಸೂಚಿ ಇದೆ, ಇವರಿಗೆ ಶುಗರ್ ಬೇರೆ ಇದೆ ಅಂತ ಡಾಕ್ಟ್ರು ಸ್ಪಷ್ಟವಾಗಿ ಹೇಳಿದ್ರು. ಅಸ್ತಮಾ, ಸಿಒಪಿಡಿ (ಶ್ವಾಸಕೋಶದ ಹಳೇ ಕಾಯಿಲೆ) ಇರೋರಿಗೆ ಬೇರೆ ಕಾರಣಕ್ಕೆ ಕೊಡ್ಬೋದಂತೆ, ಅದು ಅವರವರ ಡಾಕ್ಟ್ರಿಗೆ ಬಿಟ್ಟಿದ್ದು.

ರಿಪೋರ್ಟ್ ಬರೋ ಹೊತ್ತಿಗೆ ಹೇಳಿದ ಎರಡು ದಿನ ದಾಟಿತ್ತು, ನಡುವೆ ಭಾನುವಾರ ಬಂತು. ಇನ್‌ಫ್ಲುಯೆಂಜಾ ಎ, ಎಚ್1ಎನ್1 ಪಾಸಿಟಿವ್. ಅಷ್ಟರಲ್ಲಿ ಅಪ್ಪನ ಕೋರ್ಸು ಅರ್ಧಕ್ಕೆ ಬಂದಿತ್ತು. ಕಾಯ್ತಾ ಕೂತಿದ್ರೆ ಆಗ ಮೊದಲ ಡೋಸು ಕೊಡ್ಬೇಕಿತ್ತು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನತ್ತೆ. 5 ದಿನ ಮುಗಿದ್ರೂ ಆಕ್ಸಿಜನ್ ಬೇಕಾಗಿದ್ದಕ್ಕೆ ಔಷಧೀನ ಇನ್ನೂ ಸ್ವಲ್ಪ ದಿನ ಮುಂದುವರಿಸಿದ್ರು. ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟೇ ಇದ್ರು.

ಪಾಸಿಟಿವ್ ಅಂದ ಕೂಡ್ಲೇ ಆಸ್ಪತ್ರೆಯಿಂದ ಆರೋಗ್ಯ ಇಲಾಖೆಗೆ ಮಾಹಿತಿ ಹೋಗತ್ತೆ. ಊರಿಗೆ ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕರು ಬಂದು ಮನೇಲಿ ಯಾರಿಗೆ ಜ್ವರ ಇದೆ ಅಂತ ವಿಚಾರಿಸಿದ್ರು, ತುಂಬಾ ಮರ್ಯಾದೆಯಿಂದಲೇ ಮಾತಾಡಿಸಿದ್ರು. ಆದ್ರೆ ಊರಲ್ಲಿ ಸುದ್ದಿ ಬೇರೆ ಥರ ಹರಡ್ತು. ಡೈರಿಗೆ ನಿಮ್ಮ ಮನೆ ಹಾಲು ಸ್ವಲ್ಪ ದಿನ ಬೇಡ ಅಂದ್ರು. ಹಸು ಹಾಲಿಗೂ ಈ ಜ್ವರಕ್ಕೂ ಸಂಬಂಧ ಇಲ್ಲ, ಇದು ಮನುಷ್ಯರ ಕೆಮ್ಮು ಸೀನಿನಿಂದ ಹರಡೋದು ಅಂತ ಆಶಾ ಅಕ್ಕಾನೇ ಹೋಗಿ ಡೈರೀಲಿ ನಿಂತು ಹೇಳಿದ್ಮೇಲೆ ತಗೊಂಡ್ರು. ಆ ಅಕ್ಕಂಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಆ ನಡುವೆ ಅಮ್ಮಂಗೂ ಜ್ವರ ಶುರುವಾಯ್ತು. ಈ ಸಲ ಒಂದು ದಿನಾನೂ ಕಾಯ್ಲಿಲ್ಲ. ಅಮ್ಮಂಗೆ ಬಿಪಿ ಬಿಟ್ರೆ ಬೇರೆ ಏನಿಲ್ಲ, ಆದ್ರೆ 65 ದಾಟಿದೆ. 75ರ ಮಾತ್ರೆ ಎರಡು ಹೊತ್ತು ಶುರು ಮಾಡಿದ್ರು, ನಮ್ಮ ಮನೇಲೇ ಒಂದು ರೂಮಲ್ಲಿ ಮಲಗಿಸಿದ್ವಿ, ಆಸ್ಪತ್ರೆ ಮೆಟ್ಟಿಲು ಹತ್ತದೆ ಸುಧಾರಿಸಿದ್ರು. ಅತ್ತಿಗೆ ಐದು ತಿಂಗಳ ಗರ್ಭಿಣಿ, ಅಪ್ಪನ್ನ ಸೇರಿಸಿದ ಹಿಂದಿನ ವಾರ ಊರಿಗೆ ಬಂದು ಹೋಗಿರ್ಲಿಲ್ಲ ಅನ್ನೋದೇ ಪುಣ್ಯ. ಅವರ ಡಾಕ್ಟ್ರನ್ನ ಕೇಳಿದ್ದಕ್ಕೆ, ಗರ್ಭಿಣಿಯರಿಗೆ ಫ್ಲೂ ಬಂದ್ರೆ ಓಸೆಲ್ಟಾಮಿವಿರ್ ಕೊಡೋದೇ ಸರಿ, ಹೆದರಿ ಬಿಡ್ಬಾರ್ದು, ಜ್ವರ ಬಂದ್ರೆ ಅವತ್ತೇ ಫೋನ್ ಮಾಡಿ ಅಂದಿದಾರೆ.

ಈಗ ದುಡ್ಡಿನ ವಿಷ್ಯ. ಅಣ್ಣನ ಕಂಪನಿ ಇನ್ಶೂರೆನ್ಸಲ್ಲಿ ಅಪ್ಪ ಅಮ್ಮನ ಹೆಸರಿತ್ತು. ಕೇಳಿದ ಕಾಗದಗಳು: ಇ-ಕಾರ್ಡು, ಅಪ್ಪನ ಆಧಾರ್, ಅಣ್ಣನ ಪ್ಯಾನು ಮತ್ತೆ ಕಂಪನಿ ಐಡಿ. ಕ್ಯಾಶ್‌ಲೆಸ್ ಫಾರ್ಮ್ ತುಂಬಿ ಕಳಿಸಿದ್ಮೇಲೆ ಟಿಪಿಎ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೈಮ್ ನೋಡೋ ಸಂಸ್ಥೆಯಿಂದ ಪ್ರಶ್ನೆಗಳು ಬಂದ್ವು, ಶುಗರ್ ಯಾವಾಗಿಂದ ಇದೆ, ಮೊದಲು ತೋರಿಸಿದ ಕ್ಲಿನಿಕ್ಕಿನ ಚೀಟಿ ಎಲ್ಲಿ, ಐಸಿಯು ಯಾಕೆ ಬೇಕಾಯ್ತು. ಊರಿನ ಕ್ಲಿನಿಕ್ಕಲ್ಲಿ ಕೊಟ್ಟಿದ್ದು ಒಂದು ಸಣ್ಣ ಬಿಳಿ ಹಾಳೆ, ತಾರೀಕೇ ಇಲ್ಲ. ಚಿಕ್ಕಪ್ಪ ವಾಪಸ್ ಹೋಗಿ ತಾರೀಕು, ಸೀಲು ಹಾಕಿಸ್ಕೊಂಡು ಬಂದ್ರು. ಹಂಗಾಗಿ ಹೇಳ್ತೀನಿ, ಸಣ್ಣ ಕ್ಲಿನಿಕ್ಕಾದ್ರೂ ತಾರೀಕು ಹಾಕಿದ ಚೀಟಿ ಕೇಳಿ ತಗೊಳ್ಳಿ, ಎಲ್ಲಾನೂ ಫೋನಲ್ಲಿ ಫೋಟೋ ತೆಗೆದಿಡಿ, ಜ್ವರ ಶುರುವಾದ ದಿನ ಎಲ್ಲರ ಬಾಯಲ್ಲೂ ಒಂದೇ ಇರ್ಲಿ, ಡಾಕ್ಟ್ರಿಗೂ ಅದು ಮುಖ್ಯ ಇನ್ಶೂರೆನ್ಸ್‌ನೋರಿಗೂ ಮುಖ್ಯ.

ಡಿಸ್ಚಾರ್ಜ್ ದಿನ ಬೆಳಿಗ್ಗೆನೇ ಹೋಗ್ಬೋದು ಅಂದ್ರು, ಆಸ್ಪತ್ರೆ ಬಿಟ್ಟಿದ್ದು ರಾತ್ರಿ ಊಟದ ಹೊತ್ತಿಗೆ. 2024ರಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಹೊಸ ನಿಯಮ ತಂದಿದೆ, ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೇಲಿ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೇಲಿ ಇನ್ಶೂರೆನ್ಸ್ ಕಂಪನಿ ಉತ್ತರ ಕೊಡ್ಬೇಕು. ಆದ್ರೆ ಆ ಗಂಟೆ ಶುರುವಾಗೋದು ಆಸ್ಪತ್ರೆ ಬಿಲ್ ಕಳಿಸಿದ್ಮೇಲೆ, ನಮ್ಮಲ್ಲಿ ತಡ ಆಗಿದ್ದು ಬಿಲ್ ರೆಡಿ ಮಾಡೋದ್ರಲ್ಲೇ. ಬಿಲ್ಲಿಂಗ್ ಕೌಂಟರಲ್ಲಿ ನಿಂತು ಕಳಿಸಿದ್ರಾ ಕಳಿಸಿದ್ರಾ ಅಂತ ಕೇಳ್ತಾನೇ ಇರಿ. ಒಟ್ಟು ಬಿಲ್ಲು ಎರಡು ಲಕ್ಷದ ಎಂಬತ್ತು ಸಾವಿರ ಚಿಲ್ಲರೆ. ಗ್ಲೌಸು, ಮಾಸ್ಕು, ಪಿಪಿಇ ಕಿಟ್ಟು ಇಂಥವಕ್ಕೆ ಇನ್ಶೂರೆನ್ಸ್ ಕೊಡಲ್ಲ ಅಂತ ಕೈಯಿಂದ ಮೂವತ್ತು ಸಾವಿರದ ಹತ್ರ ಕಟ್ಟಿದ್ವಿ. ಹೊರಗೆ ತಂದ ಸಿರಪ್ಪು, ಮೊದಲಿನ ಡೆಂಗ್ಯೂ ಟೆಸ್ಟಿನ ಬಿಲ್ಲನ್ನ ಬೇರೆ ಕ್ಲೈಮ್ ಹಾಕಿದೀವಿ, ಇನ್ನೂ ಬಂದಿಲ್ಲ.

ಪಕ್ಕದ ಬೆಡ್ಡಿನವರು ಬೇಲೂರು ಕಡೆಯೋರು, ಇನ್ಶೂರೆನ್ಸ್ ಇಲ್ಲ. ಅಂಥೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇ. 30, ಅದೂ ಒಂದೂವರೆ ಲಕ್ಷದ ಮಿತೀಲಿ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಕೇಸಿಗೆ ವಿನಾಯ್ತಿ ಇದೆ. ಬಿಪಿಎಲ್ ಕಾರ್ಡು, ಆಧಾರ್ ಕೈಯಲ್ಲಿಟ್ಕೊಂಡು ಅಡ್ಮಿಟ್ ಆಗ್ವಾಗಲೇ ಈ ಯೋಜನೆಯ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರ ಎಲ್ಲಿದಾರೆ ಅಂತ ಕೇಳಿ. ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲೂ ಓಸೆಲ್ಟಾಮಿವಿರ್ ಕೊಡ್ತಾರೆ, ಅನುಮಾನ ಇದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ವಿಚಾರಿಸ್ಬೋದು.

ಮನೆಗೆ ಬಂದ್ಮೇಲೂ ಸುಸ್ತು ಬಹಳ ಇದೆ. ಬಚ್ಚಲಿಗೆ ಹೋಗಿ ಬಂದ್ರೆ ಕೂತು ಸುಧಾರಿಸ್ಕೋತಾರೆ. ಮೂರು ಚೆಂಡಿನ ಉಸಿರಾಟದ ಆಟಿಕೆ ಥರದ್ದು ಕೊಟ್ಟಿದಾರೆ, ಊದೋದಲ್ಲ ಅದು, ಉಸಿರು ಒಳಗೆ ಎಳ್ಕೋಬೇಕು. ದಿನಾ ಮೂರ್ನಾಲ್ಕು ಸಲ ಮಾಡಿಸ್ತಿದೀವಿ. ಸ್ಯಾಚುರೇಶನ್ ಈಗ 96 ಇದೆ. ಮುಂದಿನ ತಿಂಗಳು ಮತ್ತೆ ಎಕ್ಸ್‌ರೇ, ಕ್ರಿಯಾಟಿನಿನ್ ಎರಡೂ ನೋಡ್ಬೇಕು. ಫ್ಲೂ ಲಸಿಕೆ ವರ್ಷಕ್ಕೊಂದ್ಸಲ ಹಾಕಿಸ್ಬೇಕು, ವೈರಸ್ ಬದಲಾಗ್ತಿರೋದ್ರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಸಾಲಲ್ಲ ಅಂದಿದಾರೆ. ನಮ್ಮ ಕಡೆ ಫ್ಲೂ ಜಾಸ್ತಿ ಆಗೋದು ಜನವರಿಯಿಂದ ಮಾರ್ಚ್ ತನಕ ಒಂದ್ಸಲ, ಮಳೆಗಾಲದಲ್ಲಿ ಇನ್ನೊಂದ್ಸಲ. ಅಪ್ಪಂಗೆ ಮುಂದಿನ ತಿಂಗಳು ತೋರಿಸೋಕೆ ಹೋದಾಗ ಹಾಕಿಸ್ತೀವಿ, ಅತ್ತಿಗೆಗೆ ಹೋದ ಸೋಮವಾರ ಹಾಕಿಸಿ ಆಯ್ತು, ಅಮ್ಮಂದು ಈ ಶನಿವಾರ.